ಏಳು ಸಲ ಒತ್ತಿದ ಗುಂಡಿ

ಹೆಬ್ಬಾಳ

ಹೆಬ್ಬಾಳದ ಫ್ಲೈಓವರ್ ಮೇಲೆ ಸುಮ್ಮಸುಮ್ಮನೆ ಹಾರ್ನ್ ಹೊಡೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮುಂದೆ ಸಾಲುಗಟ್ಟಿ ನಿಂತ ಗಾಡಿಗಳು ಕಣ್ಣಿಗೆ ಕಾಣುತ್ತಿದ್ದರೂ ಹಿಂದಿನವನು ಹೊಡೆಯುತ್ತಲೇ ಇರುತ್ತಾನೆ. ಒತ್ತಿದಷ್ಟೂ ಬೇಗ ಬರುತ್ತದೆ ಎಂದು ಲಿಫ್ಟಿನ ಗುಂಡಿಯನ್ನು ಹತ್ತು ಸಲ ಒತ್ತುವ ಜಾತಿ ನಮ್ಮದು. ನಾನೂ ಅದೇ ಜಾತಿಯವಳು, ನನ್ನ ಹಾರ್ನ್ ಮಾತ್ರ ನನಗೆ ಕೇಳಿಸುವುದಿಲ್ಲ. ಹೆಬ್ಬಾಳ ಇನ್ನೂ ಊರಾಗಿದ್ದಾಗ ಅಲ್ಲೇ ಹುಟ್ಟಿದವಳು ನಾನು. ಕೆರೆ ಕೋಡಿಯ ಕೆಳಗೆ ಅಜ್ಜಿ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಾಂಕ್ರೀಟ್ ಕಂಬ ನಿಂತಿದೆ. ಮನೆ ಸಂಜಯನಗರ, ಕೆಲಸ ಸಹಕಾರನಗರದ ಒಂದು ಸಣ್ಣ ಕಂಪನಿಯಲ್ಲಿ.

ನಮ್ಮ ಕೆಲಸವನ್ನು ವಿವರಿಸುವುದು ಕಷ್ಟವಲ್ಲ. ಟವರ್ ಇಲ್ಲದ ಕಡೆ, ಟವರ್ ಬಿದ್ದುಹೋದ ಕಡೆ, ಒಬ್ಬ ಮನುಷ್ಯನ ಸಂದೇಶವನ್ನು ಇನ್ನೊಬ್ಬರಿಗೆ ಮುಟ್ಟಿಸಬೇಕು. ನೆಲದ ಮೇಲೆ ಟವರ್ ಇರುತ್ತದೆ, ಅದರ ಮೇಲೆ ಪೈಲಟ್ ಇಲ್ಲದ ಪುಟ್ಟ ವಿಮಾನ ಸುತ್ತುತ್ತಿರುತ್ತದೆ, ಎಲ್ಲಕ್ಕಿಂತ ಮೇಲೆ ಉಪಗ್ರಹ. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಹುಡುಕಬೇಕು. ಯಾವ ದಾರಿಯೂ ಇಲ್ಲದಿದ್ದರೆ ದಾರಿ ತೆರೆಯುವ ತನಕ ಸಂದೇಶವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಯಾವುದು ಮೊದಲು ಹೋಗಬೇಕು, ಯಾವುದು ಕಾಯಬೇಕು, ಯಾವುದು ಬೇಡವೇ ಬೇಡ ಎಂಬ ನಿಯಮಗಳನ್ನು ಬರೆಯುವವಳು ನಾನು.

ಮೊದಲ ಪರೀಕ್ಷೆಯನ್ನು ಯಲಹಂಕದ ಆಚೆ ನಮ್ಮವರ ಕೈಯಲ್ಲೇ ಮಾಡಿಸಿದೆವು. ‘ಅಪಾಯ, ಬನ್ನಿ’ ಎಂಬ ಒಂದೇ ಗುಂಡಿ. ಒಮ್ಮೆ ಒತ್ತಿ ಎಂದರೆ ಎಲ್ಲರೂ ಹತ್ತು ಹತ್ತು ಸಲ ಒತ್ತಿದರು, ದಾರಿಯೆಲ್ಲ ಕಟ್ಟಿಕೊಂಡಿತು. ಸಿಟ್ಟಿನಿಂದ ಬಂದು ಕೂತು ಒಂದು ನಿಯಮ ಬರೆದೆ. ಅದೇ ಯಂತ್ರದಿಂದ ಅದೇ ಸಂದೇಶ ಮತ್ತೆ ಬಂದರೆ ಮೊದಲನೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯಬೇಕು. ಒತ್ತಿದವನು ಎಲ್ಲಿದ್ದಾನೆ ಎಂಬುದೂ ಪ್ರತಿ ಸಂದೇಶದ ಜೊತೆ ಬರುತ್ತಿತ್ತು. ಅದನ್ನು ಹೋಲಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಹೆಬ್ಬಾಳದಲ್ಲಿ ನಿಂತು ಹಾರ್ನ್ ಹೊಡೆಯುವವನ ಜಾಗ ಬದಲಾಗುವುದಿಲ್ಲವಲ್ಲ.

ಸಮುದ್ರದಲ್ಲಿ ಬದಲಾಗುತ್ತದೆ. ಫಿಲಿಪ್ಪೀನ್ಸ್ ದೇಶದ ಉತ್ತರದ ತುದಿಯಲ್ಲಿ ಒಂದು ಸಣ್ಣ ದ್ವೀಪವಿದೆ. ಅದರ ಹೆಸರನ್ನು ಬರೆಯುವುದಿಲ್ಲ, ಅಲ್ಲಿ ಒಂದು ಮನೆಯಿದೆ. ಆ ದ್ವೀಪದ ಶಾಲೆಯ ಮೇಲೆ ನಮ್ಮ ಪೆಟ್ಟಿಗೆಯಿತ್ತು, ಮೀನುಗಾರರ ದೋಣಿಗಳಲ್ಲಿ ನಮ್ಮ ಗುಂಡಿಗಳಿದ್ದವು. ಹೋದ ವರ್ಷ ಒಂದು ಮಧ್ಯಾಹ್ನ ಬಿರುಗಾಳಿ ಬಂತು. ಟವರ್ ಬಿತ್ತು, ಪುಟ್ಟ ವಿಮಾನ ಏಳಲಿಲ್ಲ, ಉಪಗ್ರಹದ ದಾರಿ ಮಾತ್ರ ಆಗೊಮ್ಮೆ ಈಗೊಮ್ಮೆ ತೆರೆಯಿತು. ಆಂಡೊ ಎಂಬ ಮೀನುಗಾರನ ಎಂಜಿನ್ ಕೆಟ್ಟಿತು. ಅವನು ಗುಂಡಿ ಒತ್ತಿದ, ಸಂದೇಶ ತಲುಪಿತು, ಹುಡುಕುವ ದೋಣಿ ಅವನು ಒತ್ತಿದ ಜಾಗಕ್ಕೇ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಮಾರನೆಯ ದಿನ ಖಾಲಿ ದೋಣಿ ಸಿಕ್ಕಿತು, ಅವನು ಸಿಗಲೇ ಇಲ್ಲ.

ತಿಂಗಳುಗಳಾದ ಮೇಲೆ ಆ ಪೆಟ್ಟಿಗೆಯ ಮೆಮೊರಿ ಕಾರ್ಡ್ ಅಂಚೆಯಲ್ಲಿ ನಮ್ಮ ಆಫೀಸಿಗೆ ಬಂತು. ಎಸೆದ ಸಂದೇಶಗಳ ಪಟ್ಟಿಯನ್ನು ತೆರೆದಾಗ ಆಂಡೊ ಏಳು ಸಲ ಒತ್ತಿದ್ದು ಕಂಡಿತು. ಏಳು ಸಲವೂ ಬೇರೆ ಬೇರೆ ಜಾಗದಿಂದ. ಒಂದನ್ನು ಇಟ್ಟುಕೊಂಡು ಆರನ್ನು ನನ್ನ ನಿಯಮ ಎಸೆದಿತ್ತು.

ಒಂದು ಸಾಲು ಬದಲಿಸಿದರೆ ಸರಿಹೋಗುವ ತಪ್ಪು. ಇಲ್ಲಿಂದಲೇ ಕಳಿಸಬಹುದಿತ್ತು. ನಾನೇ ಹೋಗಿ ಹಾಕಿ ಬರುತ್ತೇನೆ ಎಂದೆ. ಕಂಪನಿಯವರು ಹೋಗಿ, ಆದರೆ ಅಲ್ಲಿ ಯಾರ ಹತ್ತಿರವೂ ಹಳೆಯ ಸಂಗತಿ ಎತ್ತಬೇಡಿ ಎಂದರು. ತಲೆಯಾಡಿಸಿದೆ. ನಮ್ಮ ಕಡೆ ತಲೆಯಾಡಿಸಿದರೆ ಹೌದೋ ಅಲ್ಲವೋ ಯಾರಿಗೂ ತಿಳಿಯುವುದಿಲ್ಲ.

ಬಂದರು

ಜೊತೆಗೆ ಬಂದವನು ಇಮ್ತಿಯಾಜ್, ಆರ್.ಟಿ. ನಗರದವನು. ಹದಿನೈದು ವರ್ಷದಿಂದ ಜೊತೆಯಲ್ಲಿ ಕೆಲಸ ಮಾಡುತ್ತಿದ್ದೇವೆ. ಪೆಟ್ಟಿಗೆ, ತಂತಿ, ಆಂಟೆನಾ ಅವನದು, ಒಳಗಿನ ನಿಯಮ ನನ್ನದು. ಮನಿಲಾದ ವಿಮಾನ ನಿಲ್ದಾಣದಲ್ಲಿ ಅವನ ಆಂಟೆನಾವನ್ನು ಯಾರೂ ಕೇಳಲಿಲ್ಲ, ರಾಗಿ ಹುರಿಹಿಟ್ಟಿನ ಪೊಟ್ಟಣ ಕಂಡು ನನ್ನನ್ನು ಹಿಡಿದು ಕೂರಿಸಿದರು. ಅಧಿಕಾರಿ ಮೂಸಿ ನೋಡಿ ಇದೇನು ಎಂದ. ಬೆಳಗಿನ ಊಟ ಎಂದೆ, ನಂಬಲಿಲ್ಲ. ಕೊನೆಗೆ ಅವನೆದುರೇ ಎರಡು ಚಮಚ ಬಾಯಿಗೆ ಹಾಕಿಕೊಂಡು, ನೆತ್ತಿಗೆ ಹತ್ತಿ, ಕೆಮ್ಮಿ ಕಣ್ಣೀರು ಸುರಿಸಿದ ಮೇಲೆ ಬಿಟ್ಟ.

ಉತ್ತರದ ಬಂದರಿನಲ್ಲಿ ಮೂರು ದಿನ ದೋಣಿಯೇ ಹೊರಡಲಿಲ್ಲ, ಅಲೆ ಹೆಚ್ಚಿತ್ತು. ಕಾಯುವವರು ಯಾರೂ ಗೊಣಗಲಿಲ್ಲ. ನಾನು ಮಾತ್ರ ದಿನಕ್ಕೆ ಐದು ಸಲ ಟಿಕೆಟ್ ಕೊಡುವ ಹೆಂಗಸಿನ ಹತ್ತಿರ ಹೋಗಿ ಇವತ್ತು ಹೊರಡುತ್ತದೆಯೇ ಎಂದು ಕೇಳುತ್ತಿದ್ದೆ. ಅವಳು ಪ್ರತಿ ಸಲವೂ ಮೊದಲ ಸಲ ಕೇಳಿದಂತೆಯೇ ಉತ್ತರ ಕೊಡುತ್ತಿದ್ದಳು. ಇಬ್ಬರಲ್ಲಿ ನಿಯಮ ಬರೆಯಬೇಕಾದವಳು ಅವಳೇ ಆಗಿದ್ದಳು ಅನ್ನಿಸಿತು.

ಅಲ್ಲಿಯವರು ಹೌದು ಎನ್ನಲು ಬಾಯಿ ತೆರೆಯುವುದಿಲ್ಲ, ಎರಡು ಹುಬ್ಬನ್ನೂ ಒಮ್ಮೆ ಮೇಲೆತ್ತಿ ಇಳಿಸುತ್ತಾರೆ. ಮೊದಲ ದಿನ ನಾನು ಏನು ಕೇಳಿದರೂ ಇವರಿಗೆ ಆಶ್ಚರ್ಯವಾಗುತ್ತಿದೆ ಎಂದುಕೊಂಡೆ. ಇನ್ನೊಂದು ಅಭ್ಯಾಸ, ಊಟಕ್ಕೆ ಕೂತವರು ದಾರಿಯಲ್ಲಿ ಹೋಗುವವರನ್ನೆಲ್ಲ ಬನ್ನಿ ಉಣ್ಣೋಣ ಎಂದು ಕರೆಯುವುದು. ನಮ್ಮ ‘ಊಟ ಆಯ್ತಾ’ ಇದ್ದ ಹಾಗೆ, ಬಾಯಿಮಾತು ಎಂದುಕೊಂಡು ನಡೆಯುತ್ತಿದ್ದೆ. ಇಮ್ತಿಯಾಜ್ ಕೂತೇಬಿಡುತ್ತಿದ್ದ. ಹಂದಿಮಾಂಸ ಬಿಟ್ಟು ಮೀನು ಅನ್ನ ತಿಂದು, ಬಡಿಸಿದವರ ಹೆಸರು ಕೇಳಿಕೊಂಡು ಬರುತ್ತಿದ್ದ.

ಮೂರನೆಯ ದಿನ ಬಂದರಿನ ಕಟ್ಟೆಯ ಮೇಲೆ ಕೂತಿದ್ದಾಗ ಅವನು ವಿಷಯಕ್ಕೆ ಬಂದ.

“ಅಕ್ಕಾ, ನೀವು ಆ ಆಂಡೊ ಹೆಂಡ್ತಿಗೆ ಹೇಳ್ಬೇಕು ಅಂತಾನೇ ಹೊರ್ಟಿದೀರಿ, ನಂಗೊತ್ತು. ಹೇಳ್ಬೇಡಿ. ಹೇಳಿದ್ರೆ ನಿಮ್ ಹೊಟ್ಟೆ ಹಗುರ ಆಗತ್ತೆ, ಆಯಮ್ಮಂದು ಭಾರ ಆಗತ್ತೆ. ಒಂದ್ ವರ್ಷ ಆಗಿದೆ, ಹೆಂಗೋ ಸುಧಾರಿಸ್ಕೊಂಡಿರ್ತಾಳೆ. ಈಗ ಹೋಗಿ, ಬದುಕ್ತಿದ್ದ ಕಣಮ್ಮಾ ಅಂತೀರಾ?”

ಅವನ ಮಾತಿನಲ್ಲಿ ನ್ಯಾಯವಿತ್ತು. ನನ್ನ ಸಂಕಟ ಇಳಿಸಿಕೊಳ್ಳಲು ಇನ್ನೊಬ್ಬಳ ಹೊಸಿಲು ತುಳಿಯುವುದು ಯಾವ ಧರ್ಮ? ಆಂಡೊ ಒತ್ತಿದ ಏಳು ಜಾಗಗಳನ್ನು ಬರೆದುಕೊಂಡು ಬ್ಯಾಗಿನಲ್ಲಿಟ್ಟಿದ್ದ ಹಾಳೆಯನ್ನು ಇನ್ನೂ ಒಳಗೆ ತಳ್ಳಿ, ಹೇಳುವುದಿಲ್ಲ ಎಂದು ನಿರ್ಧರಿಸಿದೆ. ಮಾರನೆಯ ಬೆಳಿಗ್ಗೆ ದೋಣಿ ಹೊರಟಿತು.

ಶಾಲೆಯ ಚಾವಣಿ

ದ್ವೀಪದಲ್ಲಿ ನಮ್ಮ ಪೆಟ್ಟಿಗೆಯನ್ನು ನೋಡಿಕೊಳ್ಳುವವರು ಬೆನ್ನಿ ಎಂಬ ಮೇಷ್ಟರು. ಐವತ್ತು ದಾಟಿದ, ನಿಧಾನವಾಗಿ ಇಂಗ್ಲಿಷ್ ಮಾತಾಡುವ ಮನುಷ್ಯ. ಪೆಟ್ಟಿಗೆಯ ಮೇಲೆ ಬಿಸಿಲು ಬೀಳದಂತೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಅಷ್ಟು ಚೆನ್ನಾಗಿ ನೋಡಿಕೊಂಡಿದ್ದನ್ನು ಕಂಡು ನನಗೆ ನಾಚಿಕೆಯಾಯಿತು.

ಹೊಸ ನಿಯಮ ಹಾಕಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕಾಯಿತು. ಇನ್ನು ಮೇಲೆ ಪ್ರತಿ ಸಲ ಒತ್ತಿದ್ದೂ ಹೋಗುತ್ತದೆ, ಹೊಸ ಜಾಗ ಮೊದಲು ಹೋಗುತ್ತದೆ ಎಂದು ಬೆನ್ನಿ ಮೇಷ್ಟರಿಗೆ ವಿವರಿಸಿದೆ. ಅವರು ಹುಬ್ಬೆತ್ತಿದರು. ಒಳ್ಳೆಯದು, ನಮ್ಮವರು ಮೂರು ಸಲ ಕರೆಯುವವರು ಎಂದರು. ಹಾಗೆಂದರೇನು ಎಂದು ಕೇಳಿದೆ.

ಈ ದ್ವೀಪದ ಹಳೆಯ ರೂಢಿ ಅದು. ನೀರಿನ ಮೇಲೆ ಅಪಾಯಕ್ಕೆ ಸಿಕ್ಕವನು ದಡಕ್ಕೆ ಮೂರು ಸಲವಾದರೂ ಕೂಗಬೇಕು. ಮೂರು ಸಲ ಕೂಗಿದರೆ ನನ್ನನ್ನು ಕರೆದುಕೊಂಡು ಹೋಗಿ ಎಂದು ಅರ್ಥ. ಒಂದೇ ಸಲ ಕೂಗಿ ಸುಮ್ಮನಾದರೆ ಅವನು ಕರೆಯುತ್ತಿಲ್ಲ, ಹೇಳಿಹೋಗುತ್ತಿದ್ದಾನೆ. ಇನ್ನು ಬರುವುದಿಲ್ಲ, ಹುಡುಕಬೇಡಿ ಎಂದು.

ನಂತರ ಬೆನ್ನಿ ದನಿ ತಗ್ಗಿಸಿ, ಆಂಡೊ ಒಂದೇ ಸಲ ಒತ್ತಿದ ಎಂದರು.

ಆ ದಿನ ಬೆಳಿಗ್ಗೆ ಆಂಡೊಗೂ ಅವನ ಹೆಂಡತಿ ಲೋರ್ನಾಗೂ ಜಗಳವಾಗಿತ್ತಂತೆ. ಮೋಡ ಕವಿದಿದೆ, ಹೋಗಬೇಡ ಎಂದವಳು ಅವಳು. ಕೇಳದೆ ಹೊರಟಾಗ, ಹಾಗಾದರೆ ಹೋಗು, ಮತ್ತೆ ಬರಲೂ ಬೇಡ ಎಂದುಬಿಟ್ಟಳು. ನಮ್ಮ ಮನೆಗಳಲ್ಲಿ ದಿನಬೆಳಗಾದರೆ ಆಡುವ ಮಾತು. ಅವನು ಉಣ್ಣದೆ ಹೋದ, ಮಧ್ಯಾಹ್ನ ಒಂದೇ ಸಲ ಕರೆದ. ಊರಿನವರು ಯಾರೂ ಅವಳನ್ನು ದೂರಲಿಲ್ಲ. ಆದರೆ ಅವಳಿಗೂ ಊರಿಗೂ ಒಂದೇ ಅರ್ಥ ಗೊತ್ತಿತ್ತು. ವರ್ಷದಿಂದ ಲೋರ್ನಾ ಸಮುದ್ರದ ಕಡೆಯ ಕಿಟಕಿ ತೆರೆದಿಲ್ಲ ಎಂದರು ಬೆನ್ನಿ. ನಾಳೆಯೇ ವರ್ಷದ ಕಾರ್ಯ.

ಚಾವಣಿಯ ಬಿಸಿ ತಗಡಿನ ಮೇಲೆ ಹಾಗೇ ಕೂತೆ. ಹೆಬ್ಬಾಳದಲ್ಲಿ ನನ್ನ ಅಜ್ಜಿ ಮುಸ್ಸಂಜೆ ಹೊತ್ತು ನಮಗೆಲ್ಲ ಹೇಳುತ್ತಿದ್ದ ಮಾತು ನೆನಪಾಯಿತು. “ಒಂದ್ ಕಿತ ಕರುದ್ರೆ ಓ ಅನ್ಬ್ಯಾಡ ಕಣವ್ವ, ಅದು ಗಾಳಿ. ಮೂರ್ ಕಿತ ಕರುದ್ರೆ ಮನ್ಸ.” ಅಜ್ಜಿ ಓದಿದವಳಲ್ಲ. ಅವಳ ನಿಯಮವನ್ನು ತಿರುವುಮುರುವು ಮಾಡಿ, ಒಂದು ಸಲ ಕರೆದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆ ಎಂದು ಬರೆದವಳು ಓದಿದ ಮೊಮ್ಮಗಳು.

ಇಮ್ತಿಯಾಜ್ ನನ್ನ ಮುಖ ನೋಡಿದ. ತಂತಿ ಸುತ್ತುತ್ತಿದ್ದವನು ಸುತ್ತುವುದನ್ನು ನಿಲ್ಲಿಸಿ, “ಈಗ ಹೇಳ್ಲೇಬೇಕು ಅಕ್ಕಾ,” ಎಂದ.

ಲೋರ್ನಾ ಮನೆ

ಮರುದಿನ ಬೆಳಿಗ್ಗೆ ಬೆನ್ನಿ ನಮ್ಮನ್ನು ಕರೆದುಕೊಂಡು ಹೋದರು. ಬಿದಿರಿನ ಗೋಡೆಯ ಎರಡು ಕೋಣೆಯ ಮನೆ. ನಲವತ್ತರ ಆಸುಪಾಸಿನ ಲೋರ್ನಾ ಕಪ್ಪು ಬಟ್ಟೆ ಉಟ್ಟು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದಳು. ಪಕ್ಕದ ಮೇಜಿನ ಮೇಲೆ ಗಂಡನ ಫೋಟೊ, ಅದರ ಮುಂದೆ ಅನ್ನ, ಹುರಿದ ಮೀನು, ಒಂದು ಲೋಟ ಕಾಫಿ, ಒಂದು ಸಿಗರೇಟು. ನಮ್ಮ ತಾತನ ಎಡೆಗೆ ಮುದ್ದೆ ಸಾರಿನ ಜೊತೆ ಬೀಡಿ ಇಡುತ್ತಿದ್ದೆವು. ಸತ್ತವರಿಗೆ ಏನು ಬೇಕು ಎಂಬುದರಲ್ಲಿ ಎಲ್ಲ ದೇಶದವರೂ ಒಂದೇ.

ಅವಳು ನಮ್ಮನ್ನು ಕಂಡೊಡನೆ ಉಣ್ಣಲು ಕರೆದಳು. ಮೊದಲು ಒಂದು ಮಾತಿದೆ ಎಂದು ಬೆನ್ನಿಯ ಕೈಲಿ ಹೇಳಿಸಿದೆ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಆ ಹೊತ್ತಿಗೆ ಮರೆತುಹೋಗಿದ್ದವು. ಉಳಿದದ್ದನ್ನು ಹೇಳಿದೆ. ನಿಮ್ಮ ಗಂಡ ಒಂದು ಸಲ ಅಲ್ಲ, ಏಳು ಸಲ ಕರೆದರು. ಏಳೂ ಪೆಟ್ಟಿಗೆಗೆ ಬಂದವು. ಆರನ್ನು ಎಸೆಯುವಂತೆ ಬರೆದವಳು ನಾನು.

ಬೆನ್ನಿ ಅರ್ಧ ಹೇಳಿ ನಿಂತರು. ನನ್ನ ಕಡೆ ತಿರುಗಿ, ಏಳೇ ಎಂದು ಕೇಳಿದರು. ಹೌದೆಂದೆ. ಉಳಿದ ಅರ್ಧವನ್ನು ಅವರು ಲೋರ್ನಾಳ ಕಡೆ ನೋಡದೆ ಹೇಳಿದರು. ಪೆಟ್ಟಿಗೆಗೆ ಚಪ್ಪರ ಹಾಕಿ ಕಾಯ್ದವರು ಅವರಲ್ಲವೇ.

ಲೋರ್ನಾ ಹುಬ್ಬು ಮೇಲೆತ್ತಿ ಇಳಿಸಿದಳು. ಕೇಳಿಸಿತು ಎಂದು. ಆಮೇಲೆ ತೋರಿಸು ಎಂದಳು.

ಬೆನ್ನಿ ಶಾಲೆಯಿಂದ ಸಮುದ್ರದ ನಕ್ಷೆ ತಂದು ನೆಲದ ಮೇಲೆ ಹರಡಿದರು. ನಾನು ಹಾಳೆ ಓದುತ್ತ ಹೋದೆ, ಅವರು ಜಾಗ ಹುಡುಕಿದರು, ಲೋರ್ನಾ ಮೊರದಿಂದ ಒಂದೊಂದೇ ಹೆಸರುಕಾಳು ತೆಗೆದು ಅಲ್ಲಲ್ಲಿ ಇಟ್ಟಳು. ಮೊದಲ ನಾಲ್ಕು ಕಾಳು ದ್ವೀಪದಿಂದ ದೂರ ದೂರ ಹೋದವು. ಐದನೆಯದು ನಾಲ್ಕನೆಯದಕ್ಕಿಂತ ಹತ್ತಿರದಲ್ಲಿತ್ತು, ಆರನೆಯದು ಇನ್ನೂ ಹತ್ತಿರ, ಏಳನೆಯದು ಅದಕ್ಕಿಂತಲೂ. ಬೆಂಗಳೂರಿನಲ್ಲಿ ಆ ಅಂಕಿಗಳನ್ನು ನಾನು ನೂರು ಸಲ ನೋಡಿದ್ದೆ, ಆದರೆ ಸಮುದ್ರ ಯಾವ ಕಡೆ ಹರಿಯುತ್ತದೆಂದು ಗೊತ್ತಿಲ್ಲದವಳಿಗೆ ಅವು ಏನೂ ಹೇಳಿರಲಿಲ್ಲ. ಆ ದಿನದ ಗಾಳಿಯೂ ನೀರಿನ ಸೆಳೆತವೂ ಆಚೆ ಕಡೆಗೇ ಇದ್ದವು, ದೋಣಿ ತಾನಾಗಿ ಹೀಗೆ ತಿರುಗುವುದು ಸಾಧ್ಯವಿಲ್ಲ ಎಂದರು ಬೆನ್ನಿ.

“ಹುಟ್ಟು ಹಾಕಿದ್ದಾನೆ,” ಎಂದಳು ಲೋರ್ನಾ. ಬೆನ್ನಿ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಅವಳ ಕೈ ನೋಡಿ ನನಗೆ ಅರ್ಥವಾಗಿತ್ತು. ಅವಳು ಕೂತಲ್ಲೇ ಎರಡು ಮುಷ್ಟಿ ಎದೆಯ ಹತ್ತಿರಕ್ಕೆ ಎಳೆದುಕೊಂಡಿದ್ದಳು. “ಮನೆಗೆ ಬರುತ್ತಿದ್ದ.”

ಆಮೇಲೆ ಅವಳು ಮೊದಲ ಕಾಳಿನ ಮೇಲೆ ಬೆರಳಿಟ್ಟಳು, ಹುಡುಕುವ ದೋಣಿ ಹೋದದ್ದು ಅಲ್ಲಿಗೆ. ಅಲ್ಲಿಂದ ಏಳನೆಯ ಕಾಳಿನವರೆಗೆ ಬೆರಳೆಳೆದು ಏನೋ ಕೇಳಿದಳು. ಬೆನ್ನಿ ಅದನ್ನು ನನಗೆ ಹೇಳದೆ ನಕ್ಷೆಯ ಮಡಿಕೆ ನೇವರಿಸಿದರು. ಅವಳು ಮತ್ತೆ ಕೇಳಿದಳು. ಮೂರನೆಯ ಸಲ ಕೇಳಿದಾಗ ಅವರು ಹೇಳಲೇಬೇಕಾಯಿತು. ಏಳನೆಯದು ತಲುಪಿದ್ದರೆ ಸಿಗುತ್ತಿದ್ದನೇ ಎಂದು ಕೇಳುತ್ತಿದ್ದಾಳೆ ಎಂದರು.

ಇಮ್ತಿಯಾಜ್ ಎದ್ದು ಹೊರಗೆ ಹೋದ. ಖಂಡಿತವಾಗಿ ಹೇಳಲಾಗದು, ಅಲೆಗಳಿದ್ದವು, ಗಾಳಿಯಿತ್ತು, ಹೀಗೆ ಹೇಳಲು ನನ್ನ ಬಳಿ ಹತ್ತು ಉತ್ತರಗಳಿದ್ದವು. ಅವೆಲ್ಲ ಕಂಪನಿಗೆ ಬರೆಯುವ ಉತ್ತರಗಳು. “ಸಿಗುತ್ತಿದ್ದರು ಎಂದೇ ನನಗೆ ಅನ್ನಿಸುತ್ತದೆ,” ಎಂದೆ.

ಲೋರ್ನಾ ಏಳೂ ಕಾಳನ್ನು ಆರಿಸಿಕೊಂಡು ಎದ್ದಳು. ಗಂಡನ ಫೋಟೊದ ಮುಂದಿನ ಅನ್ನದ ಮೇಲೆ ಅವನ್ನು ಇಟ್ಟಳು. ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಅವಳು ಒಲೆಯ ಹತ್ತಿರ ಹೋಗಿ ತಟ್ಟೆಗಳಿಗೆ ಬಡಿಸಿದಳು. ನಾನು ಒಂದು ಅಗುಳೂ ಬಿಡದೆ ಉಂಡೆ. ಅವಳು ಮಾತ್ರ ಉಣ್ಣಲಿಲ್ಲ. ಎದ್ದು ಹೋಗಿ ಸಮುದ್ರದ ಕಡೆಯ ಕಿಟಕಿಯ ಅಗಳಿ ತೆಗೆಯಲು ನೋಡಿದಳು. ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಮ್ತಿಯಾಜ್ ಹೊರಗಿನಿಂದ ತನ್ನ ಸ್ಕ್ರೂಡ್ರೈವರ್ ತುರುಕಿ ಮೀಟಿದ ಮೇಲೆ ತೆರೆದುಕೊಂಡಿತು.

ದೋಣಿಕಟ್ಟೆ

ಆ ಕಡೆಯ ಜನರಲ್ಲಿ ಇನ್ನೊಂದು ರೂಢಿಯಿದೆ. ಒಂದು ಜಾಗ ಬಿಟ್ಟು ಹೊರಡುವಾಗ ತಮ್ಮ ಜೀವವನ್ನು ತಾವೇ ಕರೆಯುತ್ತಾರೆ, ಬಾ ಹೋಗೋಣ, ಇಲ್ಲೇ ಉಳಿಯಬೇಡ ಎಂದು. ಕರೆಯದೆ ಹೋದರೆ ದೇಹ ಊರು ಸೇರಿದರೂ ಜೀವ ಹಿಂದೆಯೇ ಉಳಿದುಬಿಡುತ್ತದಂತೆ. ಅವರ ಮಾತಿನಲ್ಲಿ ಅದು ‘ಇಂತಾಯೋನ್’. ದೋಣಿ ಹತ್ತುವವರೆಲ್ಲ ಗುನುಗುತ್ತಿದ್ದರು. ಇಮ್ತಿಯಾಜ್ ಸುತ್ತ ನೋಡಿ, ಮೆಲ್ಲಗೆ, “ಬಾರಪ್ಪಾ ಇಮ್ತಿಯಾಜ್, ಹೋಗೋಣ, ಮನೇಲಿ ಕಾಯ್ತಿದಾರೆ,” ಎಂದುಕೊಂಡ. ಬೇರೆ ದಿನವಾಗಿದ್ದರೆ ನಾನು ಅವನನ್ನು ಊರೆಲ್ಲ ಆಡಿಕೊಳ್ಳುತ್ತಿದ್ದೆ.

ನನಗೆ ಕರೆಯಲು ಬಾಯಿ ಬರಲಿಲ್ಲ. ಯಾವ ಮುಖ ಹೊತ್ತು ಕರೆಯಲಿ? ಆ ನೀರಿನಲ್ಲಿ ಉಳಿದವನು ಏಳು ಸಲ ಕರೆದಿದ್ದ. ಸುಮ್ಮನೆ ದೋಣಿಯೊಳಗೆ ಕೂತೆ.

ಹಗ್ಗ ಬಿಚ್ಚುವ ಹೊತ್ತಿಗೆ ಲೋರ್ನಾ ಬಂದಳು. ಬೆನ್ನಿ ಜೊತೆಗಿದ್ದರು. ನನ್ನ ತುಟಿ ಅಲುಗದೇ ಇದ್ದದ್ದನ್ನು ಅವಳು ದೂರದಿಂದಲೇ ನೋಡಿರಬೇಕು. ನನ್ನ ಹೆಸರೇನೆಂದು ಬೆನ್ನಿಯನ್ನು ಕೇಳಿದಳು. ಕಟ್ಟೆಯ ಅಂಚಿಗೆ ಬಂದು ನಿಂತು, ದೊಡ್ಡ ದನಿಯಲ್ಲಿ ನನ್ನ ಪರವಾಗಿ ತಾನೇ ಕರೆದಳು. ಸರೋಜಾ, ಇಂತಾಯೋನ್. ಮೂರು ಸಲ ಕರೆದಳು. ನಂತರ ಬೆನ್ನಿ ಮೇಷ್ಟರಿಗೆ ಒಂದು ಮಾತು ಹೇಳಿದಳು. ದೋಣಿ ಆಗಲೇ ಸರಿಯುತ್ತಿತ್ತು, ಬೆನ್ನಿ ಕೈಯನ್ನು ಬಾಯಿಯ ಸುತ್ತ ಹಿಡಿದು ಕೂಗಿದರು.

“ನಿನ್ನ ಜೀವವನ್ನು ಕರೆದುಕೊಂಡು ಹೋಗಬೇಕಂತೆ. ಇಲ್ಲಿ ಆಗಲೇ ಒಂದು ಇದೆ, ಅಷ್ಟು ಸಾಕಂತೆ.”

ಅದು ಕ್ಷಮೆಯೋ, ನೀನಿಲ್ಲಿರಬೇಡ ಎಂಬುದೋ ನನಗೆ ಇಂದಿಗೂ ತಿಳಿದಿಲ್ಲ. ದೋಣಿಯ ತುಂಬ ಜನರಿದ್ದರೂ ನಾಚದೆ ಅತ್ತೆ. ಹಿಂತಿರುಗಿ ನೋಡಿದಾಗ ಅವಳು ನಮ್ಮ ಕಡೆ ನೋಡುತ್ತಿರಲಿಲ್ಲ. ನೀರಿನ ಕಡೆ ಮುಖ ಮಾಡಿ ಇನ್ನೊಂದು ಹೆಸರು ಕರೆಯುತ್ತಿದ್ದಳು. ಎಂಜಿನ್ ಸದ್ದಿನಲ್ಲಿ ಎಷ್ಟು ಸಲ ಎಂದು ಎಣಿಸಲಾಗಲಿಲ್ಲ.

ಮತ್ತೆ ಹೆಬ್ಬಾಳ

ವಿಮಾನ ನಿಲ್ದಾಣದಿಂದ ಇಮ್ತಿಯಾಜ್ ಬಸ್ ಹಿಡಿದು ಹೋದ, ನಾನು ಟ್ಯಾಕ್ಸಿ ಹತ್ತಿದೆ. ಹಗಲು ಹನ್ನೊಂದರ ಬಿಸಿಲು. ಕೊಡಿಗೇಹಳ್ಳಿ ದಾಟಿದ ಮೇಲೆ ಗಾಡಿಗಳು ನಿಂತೇಬಿಟ್ಟವು. ದಾರಿಯಲ್ಲೇ ಕಂಪನಿಗೆ ಎಲ್ಲವನ್ನೂ ಬರೆದು ಕಳಿಸಿದ್ದೆ, ಯಾರಿಗೆ ಏನು ಹೇಳಿದೆ, ಯಾಕೆ ಹೇಳಿದೆ ಎಂದು. ಉತ್ತರ ಬಂದಿರಲಿಲ್ಲ. ಬಂದರೂ ಅದರಲ್ಲಿ ಏನಿರುತ್ತದೆಂದು ಗೊತ್ತಿತ್ತು, ಅದರ ಬಗ್ಗೆ ನನಗೆ ಅಂಥ ಭಯವೇನೂ ಇರಲಿಲ್ಲ.

ಹಿಂದಿನಿಂದ ಯಾರೋ ಹಾರ್ನ್ ಹೊಡೆಯತೊಡಗಿದರು. ಒಂದು, ಎರಡು, ಮೂರು. ಡ್ರೈವರ್ ಕನ್ನಡಿಯಲ್ಲಿ ನೋಡಿ, ಎಲ್ಲಿಗ್ ಹೋಗ್ತಾನೋ ನೋಡಿ ಮೇಡಂ, ಮುಂದೆ ಜಾಗ ಎಲ್ಲಿದೆ ಎಂದ. ತಿಂಗಳ ಹಿಂದಾಗಿದ್ದರೆ ಕಿಟಕಿ ಇಳಿಸಿ ನಾನೇ ಬೈಯುತ್ತಿದ್ದೆ. ಹಿಂತಿರುಗಿ ನೋಡಿದೆ. ಹಳೆಯ ಬಿಳಿ ಕಾರು, ಚಕ್ರ ಹಿಡಿದವನ ಮುಖ ಬಿಸಿಲಿಗೆ ಕಾಣುತ್ತಿರಲಿಲ್ಲ. ಅವನಿಗೆ ಏನಾಗಿತ್ತೋ, ಏನೂ ಆಗಿರಲಿಲ್ಲವೋ. ನಾಲ್ಕು, ಐದು, ಆರು, ಏಳು.

“ಸ್ವಲ್ಪ ಸೈಡಿಗ್ ತಗೊಳಪ್ಪಾ,” ಎಂದೆ.

“ಯಾಕ್ ಮೇಡಂ? ಸುಮ್ನೆ ಹೊಡೀತಾವೆ, ಬಿಡಿ.”

“ಏಳ್ ಸಲ ಹೊಡ್ದ ಕಣಪ್ಪಾ,” ಎಂದೆ. “ದಾರಿ ಬಿಡು.”